ಅನ್ನ ಬಿಟ್ಟು ರೊಟ್ಟಿ ಹಿಡಿದರೆ ಸಾಕಾ? ನಮ್ಮ ಮನೆಯ ಕಿರಾಣಿ ಚೀಟಿ ಹಾಕಿದ್ದೇನೆ, ನೋಡಿ ಹೇಳಿ

ಸಿರುಗುಪ್ಪ ಮನೆ

ಎಲ್ಲರಿಗೂ ನಮಸ್ಕಾರ. ಮನೆಯವರಿಗೆ ಶುಗರ್ ಶುರುವಾಗಿದೆ. ಡಾಕ್ಟರು ಮಾತ್ರೆ ಬರೆದು, "ಅನ್ನ ಕಮ್ಮಿ ಮಾಡಿ, ರೊಟ್ಟಿ ತಿನ್ನಿ" ಅಂದರು, ಅಷ್ಟೇ. ಅನ್ನ ಎಷ್ಟು ಕಮ್ಮಿ, ರೊಟ್ಟಿ ಎಷ್ಟು, ಜೊತೆಗೆ ಏನು ಅಂತ ಕೇಳೋಣ ಅಂದರೆ ಹಿಂದೆ ದೊಡ್ಡ ಸಾಲು. ಅತ್ತೆಯವರು "ನಾವು ಜೋಳ ತಿಂದೇ ಗಟ್ಟಿ ಇದ್ವಿ, ಅನ್ನ ಬಂದ ಮೇಲೆ ರೋಗ ಬಂತು" ಅಂತಾರೆ. ಇದರ ಮಧ್ಯೆ ಪಿಯುಸಿ ಓದುವ ಮಗಳಿಗೆ ರಕ್ತ ಕಮ್ಮಿ ಅಂತ ಗೊತ್ತಾಗಿದೆ. ಹಿಮೋಗ್ಲೋಬಿನ್ 9.2. ಹಾಗಾದರೆ ಒಂದೇ ಒಲೆಯ ಮೇಲೆ ಇಬ್ಬರಿಗೂ ಏನು ಮಾಡಿ ಹಾಕಲಿ?

ನಾವು ನಾಲ್ಕು ಜನ. ಸಸ್ಯಾಹಾರಿಗಳು. ಮನೆಯವರದು ಬೀಜ ಗೊಬ್ಬರದ ಅಂಗಡಿ, ಕೂತು ಮಾಡುವ ಕೆಲಸ. ತಿಂಗಳ ಸಾಮಾನು ಹೀಗಿದೆ: ಸೋನಾ ಮಸೂರಿ ಅಕ್ಕಿ 30 ಕೆಜಿ, ಜೋಳ 10 ಕೆಜಿ, ಗೋಧಿ ಹಿಟ್ಟು, ರವೆ, ಮಂಡಕ್ಕಿ ಎಲ್ಲ ಸೇರಿ 6 ಕೆಜಿ. ತೊಗರಿಬೇಳೆ 3 ಕೆಜಿ, ಹೆಸರುಕಾಳು ಅರ್ಧ ಕೆಜಿ, ಶೇಂಗಾ 1 ಕೆಜಿ. ಎಣ್ಣೆ 6 ಲೀಟರ್, ಸಕ್ಕರೆ 5 ಕೆಜಿ, ಉಪ್ಪು 2 ಪ್ಯಾಕೆಟ್. ಹಾಲು ದಿನಕ್ಕೆ 1 ಲೀಟರ್. ತರಕಾರಿ ದಿನಕ್ಕೆ ಮುಕ್ಕಾಲು ಕೆಜಿ ಆಗಬಹುದು.

ಬಳ್ಳಾರಿ ಕೋಟೆ ಹುಡುಗ

ಅಕ್ಕ, ಅನ್ನ ಪೂರ್ತಿ ಬಿಡಿಸಿ. ಬರೀ ರೊಟ್ಟಿ ಕೊಡಿ, ಎಷ್ಟು ಬೇಕಾದರೂ ತಿನ್ನಲಿ. ಜೋಳದಲ್ಲಿ ಶುಗರ್ ಇಲ್ಲ.

ರಾಯಚೂರು ಡಯೆಟಿಷಿಯನ್

ತಮ್ಮಾ, ಈ ಮಾತು ನಮ್ಮ ಕಡೆ ಬಹಳ ಓಡಾಡುತ್ತದೆ, ಅದಕ್ಕೇ ಮೊದಲು ಇದನ್ನು ಬಿಡಿಸಿಬಿಡುತ್ತೇನೆ. 100 ಗ್ರಾಂ ಅಕ್ಕಿಯಲ್ಲಿ ಪಿಷ್ಟ ಮತ್ತು ಸಕ್ಕರೆ ಅಂಶ ಸುಮಾರು 78 ಗ್ರಾಂ. 100 ಗ್ರಾಂ ಜೋಳದಲ್ಲಿ ಸುಮಾರು 68 ಗ್ರಾಂ. ಎರಡೂ ಹೊಟ್ಟೆಯಲ್ಲಿ ಕರಗಿ ಗ್ಲೂಕೋಸೇ ಆಗುತ್ತವೆ. ಜೋಳದ ಹೆಚ್ಚುಗಾರಿಕೆ ಬೇರೆ ಕಡೆ ಇದೆ. ಅದರಲ್ಲಿ ನಾರು 10 ಗ್ರಾಂ, ಪಾಲಿಶ್ ಅಕ್ಕಿಯಲ್ಲಿ 3 ಗ್ರಾಂ ಕೂಡ ಇಲ್ಲ. ಕಬ್ಬಿಣ ಜೋಳದಲ್ಲಿ ಸುಮಾರು 4 ಮಿಲಿಗ್ರಾಂ, ಅಕ್ಕಿಯಲ್ಲಿ 1 ಮಿಲಿಗ್ರಾಂ ಕೂಡ ಇಲ್ಲ. ನಾರು ಇರುವುದರಿಂದ ರೊಟ್ಟಿ ನಿಧಾನ ಕರಗುತ್ತದೆ, ಹೊಟ್ಟೆ ಬೇಗ ತುಂಬುತ್ತದೆ. ಇದು ನಿಜವಾದ ಲಾಭ. ಆದರೆ "ಎಷ್ಟು ಬೇಕಾದರೂ" ಅಂದರೆ ಆ ಲಾಭವೂ ಹೋಗುತ್ತದೆ.

ಸಿರುಗುಪ್ಪದ ಅಕ್ಕ, ನೀವು ಚೀಟಿ ಹಾಕಿದ್ದು ಬಹಳ ಒಳ್ಳೆಯದಾಯಿತು. ನನ್ನ ಹತ್ತಿರ ಬರುವವರನ್ನು "ಏನು ತಿಂತೀರಿ" ಅಂತ ಕೇಳಿದರೆ "ಎಲ್ಲಾ ತಿಂತೀವಿ" ಅಂತಾರೆ. ಚೀಟಿ ಹಾಗೆ ಹೇಳುವುದಿಲ್ಲ.

ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ಭಾರತೀಯರಿಗಾಗಿ ಹೊಸ ಆಹಾರ ಮಾರ್ಗಸೂಚಿ ಹೊರತಂದಿತು. 17 ಸೂಚನೆಗಳಿವೆ. ಅದರಲ್ಲಿ ದಿನಕ್ಕೆ 2000 ಕ್ಯಾಲೊರಿಯ ಒಂದು ತಟ್ಟೆ ಹಾಕಿ ತೋರಿಸಿದ್ದಾರೆ. ಅಕ್ಕಿ, ಜೋಳ, ಸಜ್ಜೆ, ಗೋಧಿ ಎಲ್ಲ ಸೇರಿ 250 ಗ್ರಾಂ. ಬೇಳೆಕಾಳು 85 ಗ್ರಾಂ. ಸೊಪ್ಪು ತರಕಾರಿ 400 ಗ್ರಾಂ, ಹಣ್ಣು 100 ಗ್ರಾಂ, ಹಾಲು ಮೊಸರು 300 ಮಿಲಿ, ಶೇಂಗಾ ಎಳ್ಳಿನಂಥ ಎಣ್ಣೆಬೀಜ 35 ಗ್ರಾಂ, ಎಣ್ಣೆ ತುಪ್ಪ 27 ಗ್ರಾಂ. ಇದೆಲ್ಲ ಬೇಯಿಸುವ ಮುಂಚಿನ ತೂಕ.

ಈಗ ಇದನ್ನು ನಾಲ್ಕು ಜನಕ್ಕೆ, ಮೂವತ್ತು ದಿನಕ್ಕೆ ಹಿಗ್ಗಿಸಿ. ಧಾನ್ಯ 30 ಕೆಜಿ ಸಾಕು, ನಿಮ್ಮಲ್ಲಿ 46 ಇದೆ. ಬೇಳೆಕಾಳು ಸುಮಾರು 10 ಕೆಜಿ ಬೇಕು, ನಿಮ್ಮಲ್ಲಿ ಮೂರೂವರೆ ಇದೆ. ಶೇಂಗಾ, ಎಳ್ಳು, ಅಗಸಿ, ಗುರೆಳ್ಳು ಸೇರಿ 4 ಕೆಜಿ ಬೇಕು, ನಿಮ್ಮಲ್ಲಿ 1 ಇದೆ. ಎಣ್ಣೆ ಮೂರೂವರೆ ಲೀಟರ್ ಸಾಕು, 6 ಇದೆ. ತರಕಾರಿ ದಿನಕ್ಕೆ 1.6 ಕೆಜಿ ಆಗಬೇಕು, ಅರ್ಧಕ್ಕೂ ಕಮ್ಮಿ ಬರುತ್ತಿದೆ. ಹಾಲು ಮಾತ್ರ ಹತ್ತಿರ ಹತ್ತಿರ ಸರಿ ಇದೆ.

ನೋಡಿದರಲ್ಲ, ಪ್ರಶ್ನೆ ಅನ್ನನೋ ರೊಟ್ಟಿನೋ ಅನ್ನುವುದಲ್ಲ. ಧಾನ್ಯ ತಟ್ಟೆಯನ್ನೆಲ್ಲ ಆಕ್ರಮಿಸಿಕೊಂಡಿದೆ. 46 ಕೆಜಿಯನ್ನೂ ಜೋಳ ಮಾಡಿದರೆ ನಿಮ್ಮವರ ಶುಗರ್ ಅಷ್ಟೇನೂ ಇಳಿಯುವುದಿಲ್ಲ. ಧಾನ್ಯ 32ಕ್ಕೆ ಇಳಿಸಿ, ಉಳಿದ ದುಡ್ಡನ್ನು ಕಾಳಿಗೆ, ಸೊಪ್ಪಿಗೆ ಹಾಕಿ. ಆಗ ನಿಮ್ಮವರಿಗೂ ಅನುಕೂಲ, ಮಗಳಿಗೂ ಅನುಕೂಲ. ಎರಡು ಅಡುಗೆ ಬೇಕಾಗುವುದಿಲ್ಲ.

ಮಾತ್ರೆ ಮಾತ್ರ ಡಾಕ್ಟರು ಹೇಳುವವರೆಗೆ ಬಿಡಬೇಡಿ. ಊಟ ಸರಿಹೋಯಿತು ಅಂತ ತಾವೇ ಮಾತ್ರೆ ನಿಲ್ಲಿಸಿ ಕಾಲಿನ ಗಾಯ ಮಾಡಿಕೊಂಡು ಬಂದವರನ್ನು ನೋಡಿದ್ದೇನೆ.

ಮಾನ್ವಿ ಕಾಲುವೆ ರೈತ

ಮೇಡಂ, ಲೆಕ್ಕ ಸರಿ. ಆದರೆ 250 ಗ್ರಾಂ ಧಾನ್ಯ ಅಂದರೆ ನಮ್ಮಂಥವರಿಗೆ ಮಧ್ಯಾಹ್ನಕ್ಕೇ ಮುಗಿಯುತ್ತದೆ. ಸಸಿ ನಾಟಿ ಮಾಡುವ ಹೆಣ್ಣುಮಕ್ಕಳು ಬೆಳಗಿಂದ ಸಂಜೆವರೆಗೆ ಕೆಸರಲ್ಲಿ ಬಗ್ಗಿರುತ್ತಾರೆ. ಅವರಿಗೂ ಅಂಗಡಿಯಲ್ಲಿ ಕೂತವರಿಗೂ ಒಂದೇ ತಟ್ಟೆ ಹೇಗಾಗುತ್ತದೆ?

ರಾಯಚೂರು ಡಯೆಟಿಷಿಯನ್

ಆಗುವುದಿಲ್ಲ ಅಣ್ಣ. ಆ ತಟ್ಟೆ ಗೇಯುವವರಿಗೆ ಅಲ್ಲ. ಅದೇ ಸಂಸ್ಥೆ ಕೆಲಸ ನೋಡಿ ಬೇರೆ ಬೇರೆ ಲೆಕ್ಕ ಕೊಟ್ಟಿದೆ. ಕೂತು ಕೆಲಸ ಮಾಡುವ ಗಂಡಸಿಗೆ ದಿನಕ್ಕೆ ಸುಮಾರು 2110 ಕ್ಯಾಲೊರಿ, ಹೆಂಗಸಿಗೆ 1660. ಮೈಮುರಿದು ದುಡಿಯುವ ಗಂಡಸಿಗೆ 3470, ಹೆಂಗಸಿಗೆ 2720. ಕೂಲಿಯವರು ಆರು ರೊಟ್ಟಿ ತಿಂದರೆ ಅದು ತಪ್ಪಲ್ಲ, ಅವರಿಗೆ ಬೇಕು. ಆದರೆ ರೊಟ್ಟಿ ಜಾಸ್ತಿ ಆದಷ್ಟೂ ಕಾಳು, ಚಟ್ನಿ, ಮಜ್ಜಿಗೆಯೂ ಜಾಸ್ತಿ ಆಗಬೇಕು. ಆರು ರೊಟ್ಟಿಗೆ ಒಂದು ಹಸಿಮೆಣಸಿನಕಾಯಿ ಚಟ್ನಿ ಅಂದರೆ ಹೊಟ್ಟೆ ತುಂಬುತ್ತದೆ, ಮೈಗೆ ಹತ್ತುವುದಿಲ್ಲ.

ತೊಂದರೆ ಇರುವುದು ಎಲ್ಲಿ ಗೊತ್ತಾ? ಅಪ್ಪ ಹೊಲದಲ್ಲಿ ಗೇಯ್ದು ಊಟ ಮಾಡುತ್ತಿದ್ದ. ಮಗ ಬೈಕ್ ಮೇಲೆ ಅಂಗಡಿಗೆ ಹೋಗಿ ಬರುತ್ತಾನೆ, ಊಟ ಮಾತ್ರ ಅಪ್ಪನದೇ ಅಳತೆ. ಗಂಡಸಿನ ಸೊಂಟ 90 ಸೆಂಟಿಮೀಟರ್ ದಾಟಿದರೆ, ಹೆಂಗಸಿನದು 80 ದಾಟಿದರೆ ನಮ್ಮ ದೇಶದವರು ಎಚ್ಚರ ಆಗಬೇಕು. ಟೇಲರ್ ಟೇಪ್ ಸಾಕು, ಹೊಕ್ಕುಳ ಮಟ್ಟಕ್ಕೆ ಸುತ್ತಿ ನೋಡಿ.

ಗಂಗಾವತಿ ಮೇಷ್ಟ್ರು

ಅತ್ತೆಯವರ ಮಾತಿಗೆ ಸ್ವಲ್ಪ ಸೇರಿಸುತ್ತೇನೆ. ಅವರು ಹೇಳಿದ್ದರಲ್ಲಿ ಸತ್ಯ ಇದೆ. 1953ರಲ್ಲಿ ತುಂಗಭದ್ರಾ ಅಣೆಕಟ್ಟೆ ಮುಗಿದು ಕಾಲುವೆಗೆ ನೀರು ಬರುವ ಮುಂಚೆ ಇದು ಜೋಳ, ಸಜ್ಜೆ, ಹತ್ತಿ, ಶೇಂಗಾದ ನೆಲ. ಅನ್ನ ಹಬ್ಬಕ್ಕೆ. ನೀರು ಬಂತು, ಭತ್ತ ಬಂತು, ಆಂಧ್ರದಿಂದ ಬಂದು ನೆಲೆಸಿದ ರೈತರ ಕ್ಯಾಂಪ್‌ಗಳು ಬಂದವು. ಈಗ ಗಂಗಾವತಿ ಅಂದರೆ ಭತ್ತದ ಕಣಜ ಅಂತಾರೆ. ಒಂದೆರಡು ತಲೆಮಾರಿನಲ್ಲೇ ತಟ್ಟೆ ಬದಲಾಯಿತು.

ಆದರೆ "ಜೋಳ ತಿಂದೇ ಗಟ್ಟಿ ಇದ್ವಿ" ಅನ್ನುವುದು ಪೂರ್ತಿ ಚಿತ್ರ ಅಲ್ಲ. ದಖ್ಖನ್ ಬಯಲುಸೀಮೆಯಲ್ಲಿ ಬರೀ ಜೋಳದ ಮೇಲೆ ಬದುಕುತ್ತಿದ್ದ ಬಡವರಲ್ಲಿ ಪೆಲಾಗ್ರಾ ಅನ್ನುವ ಕಾಯಿಲೆ ಇತ್ತು. ಬಿಸಿಲು ಬೀಳುವ ಕೈಕಾಲು, ಕುತ್ತಿಗೆಯ ಚರ್ಮ ಕಪ್ಪಾಗಿ ಸುಲಿಯುತ್ತಿತ್ತು. ಭೇದಿ ಆಗುತ್ತಿತ್ತು. ಮುಂದುವರಿದರೆ ತಲೆಯೂ ಕೆಡುತ್ತಿತ್ತು. ಇದು ನಯಾಸಿನ್ ಅನ್ನುವ ಬಿ ವಿಟಮಿನ್ ಸಾಲದೆ ಬರುವ ರೋಗ. 1960ರ ದಶಕದಲ್ಲಿ ಹೈದರಾಬಾದಿನ ಅದೇ ಸಂಸ್ಥೆಯಲ್ಲಿ ಡಾ. ಸಿ. ಗೋಪಾಲನ್ ಮತ್ತು ಅವರ ಜೊತೆಯವರು ಇದರ ಬೆನ್ನು ಹತ್ತಿದರು. ಜೋಳದ ಪ್ರೋಟೀನಿನಲ್ಲಿ ಲ್ಯೂಸಿನ್ ಅನ್ನುವ ಅಂಶ ಜಾಸ್ತಿ ಇರುವುದೂ ಒಂದು ಕಾರಣ ಅಂತ ಅವರು ವಾದಿಸಿದರು. ಜೋಳದ ಜೊತೆ ಬೇಳೆ, ಹಾಲು, ಸೊಪ್ಪು ಇದ್ದ ಮನೆಗೆ ಈ ರೋಗ ಬರುತ್ತಿರಲಿಲ್ಲ.

ಅಕ್ಕಿಯ ಕಥೆಯೂ ಹಾಗೇ. ಆ ಸಂಸ್ಥೆ ಹುಟ್ಟಿದ್ದೇ 1918ರಲ್ಲಿ ಕೂನೂರಿನಲ್ಲಿ, ಬೆರಿಬೆರಿ ರೋಗದ ವಿಚಾರಣೆಗೆ. ರಾಬರ್ಟ್ ಮೆಕ್‌ಕ್ಯಾರಿಸನ್ ಶುರು ಮಾಡಿದ್ದು. ಪಾಲಿಶ್ ಮಾಡಿದ ಅಕ್ಕಿಯಲ್ಲಿ ತೌಡಿನ ಜೊತೆ ಬಿ1 ವಿಟಮಿನ್ ಹೋಗುತ್ತದೆ. ಅದೊಂದನ್ನೇ ತಿಂದವರಿಗೆ ನರ ಸೋತು, ಕಾಲು ಬಾತು, ಹೃದಯ ಕೆಡುತ್ತಿತ್ತು. ಅಂದರೆ ಅಕ್ಕಿ ಒಂದೇ ತಿಂದವರಿಗೂ ರೋಗ ಬಂತು, ಜೋಳ ಒಂದೇ ತಿಂದವರಿಗೂ ಬಂತು.

ಮಾನ್ವಿ ಕಾಲುವೆ ರೈತ

ಮೇಷ್ಟ್ರೇ, ಈ ಪೆಲಾಗ್ರಾ ವಿಷಯ ನನಗೆ ಗೊತ್ತೇ ಇರಲಿಲ್ಲ. ನಮ್ಮ ಅಜ್ಜಿ ರೊಟ್ಟಿಗೆ ಪುಂಡಿಪಲ್ಯ, ಮಡಿಕೆಕಾಳು, ಗುರೆಳ್ಳು ಪುಡಿ ಇಲ್ಲದೆ ಬಡಿಸುತ್ತಲೇ ಇರಲಿಲ್ಲ. ಹೊಲದಲ್ಲಿ ಜೋಳದ ಸಾಲಿನ ಮಧ್ಯೆ ತೊಗರಿ, ಹೆಸರು, ಮಡಿಕೆ, ಬದುವಿಗೆ ಪುಂಡಿ, ಎಲ್ಲ ಇರುತ್ತಿದ್ದವು. ಅಕ್ಕಡಿ ಸಾಲು ಅಂತಿದ್ದರು. ಈಗ ಗದ್ದೆಯಲ್ಲಿ ಭತ್ತ ಬಿಟ್ಟರೆ ಏನೂ ಇಲ್ಲ. ಪುಂಡಿಪಲ್ಯವನ್ನೂ ಸಂತೆಯಲ್ಲಿ ಕೊಂಡು ತರುತ್ತೇವೆ.

ಕೊಪ್ಪಳ ರೊಟ್ಟಿ ಅಕ್ಕ

ನಾನು ರೊಟ್ಟಿ ಬಡಿದು ಮಾರುತ್ತೇನೆ. ಎಷ್ಟು ರೊಟ್ಟಿ ಅಂತ ಕೇಳಿದ್ದೀರಿ, ಅದನ್ನು ನಾನು ಹೇಳಬಲ್ಲೆ. ಬಿಸಿ ರೊಟ್ಟಿಗೆ ನಾನು ಹಿಡಿಯುವ ಹಿಟ್ಟಿನ ಉಂಡೆಯಲ್ಲಿ ಒಣ ಹಿಟ್ಟು 60 ಗ್ರಾಂ ಇರುತ್ತದೆ. ಖಡಕ್ ರೊಟ್ಟಿ ತೆಳ್ಳಗೆ, ಅದಕ್ಕೆ 35 ರಿಂದ 40 ಗ್ರಾಂ. ನೋಡಲು ಖಡಕ್ ರೊಟ್ಟಿಯೇ ಅಗಲ ಕಾಣುತ್ತದೆ, ಆದರೆ ತೂಕ ಕಮ್ಮಿ. ಹಾಗಾಗಿ "ನಾನು ಎರಡೇ ರೊಟ್ಟಿ ತಿಂದೆ" ಅನ್ನುವವರು ಯಾವ ರೊಟ್ಟಿ ಅಂತಲೂ ನೋಡಬೇಕು. ನಿಮ್ಮ ಕೈಯ ರೊಟ್ಟಿಯನ್ನು ಒಂದು ಸಲ ತೂಕದ ಮೇಲೆ ಇಟ್ಟುಬಿಡಿ ಅಕ್ಕ. ಹಿಟ್ಟು ತೂಗಿ, ಎಷ್ಟು ರೊಟ್ಟಿ ಆಯಿತು ಅಂತ ಎಣಿಸಿ ಭಾಗಿಸಿದರೆ ಮುಗಿಯಿತು.

ಇನ್ನೊಂದು ಮಾತು. ಈಗಿನ ಕೆಲವರು ರೊಟ್ಟಿ ಸಲೀಸಾಗಿ ಬಡಿಯಲು ಬರಲಿ ಅಂತ ಮೈದಾ, ಅಕ್ಕಿ ಹಿಟ್ಟು ಬೆರೆಸುತ್ತಾರೆ. ಶುಗರ್ ಇದ್ದವರಿಗೆ ಅದು ಬೇಡ. ಎಸರು ಚೆನ್ನಾಗಿ ಕುದ್ದಿದ್ದರೆ, ಹಿಟ್ಟು ಹೊಸದಾಗಿ ಬೀಸಿದ್ದರೆ ಬರೀ ಜೋಳವೇ ಚೆನ್ನಾಗಿ ಬಡಿಯಲು ಬರುತ್ತದೆ. ಹಳೆಯ ಹಿಟ್ಟಿಗೆ ಜಿಗಿ ಇರುವುದಿಲ್ಲ, ಅಂಚು ಒಡೆಯುತ್ತದೆ.

ಸಿರುಗುಪ್ಪ ಮನೆ

ಎಲ್ಲರ ಮಾತೂ ಓದುತ್ತಿದ್ದೇನೆ. ಹಾಗಾದರೆ ಮನೆಯವರಿಗೆ ದಿನಕ್ಕೆ ನಾಲ್ಕು ಬಿಸಿ ರೊಟ್ಟಿ ಅಂದರೆ ಧಾನ್ಯದ ಲೆಕ್ಕ ಮುಗಿದೇ ಹೋಯಿತಲ್ಲ? ಅನ್ನ ಒಂದು ತುತ್ತೂ ಇಲ್ಲದೆ ಅವರು ಏಳುವುದಿಲ್ಲ.

ರಾಯಚೂರು ಡಯೆಟಿಷಿಯನ್

ಒಂದು ರೊಟ್ಟಿ ಕಡಿಮೆ ಮಾಡಿ, ಅದರ ಬದಲು 60 ಗ್ರಾಂ ಅಕ್ಕಿಯ ಅನ್ನ ಕೊಡಿ. ಬೆಂದ ಮೇಲೆ ಒಂದು ಬಟ್ಟಲು ಆಗುತ್ತದೆ. ಕೊನೆಗೆ ಮಜ್ಜಿಗೆ ಅನ್ನಕ್ಕೆ ಅಷ್ಟು ಸಾಕು. ಬೆಳಗಿನ ತಿಂಡಿಯ ರವೆ, ಮಂಡಕ್ಕಿಯೂ ಇದೇ 250ರ ಒಳಗೇ ಬರಬೇಕು, ಅದನ್ನು ಮರೆಯಬೇಡಿ. ಉಪ್ಪಿಟ್ಟು ತಿಂದ ದಿನ ಇನ್ನೊಂದು ರೊಟ್ಟಿ ಕಮ್ಮಿ.

ಊಟ ಶುರು ಮಾಡುವ ರೀತಿಯೂ ಮುಖ್ಯ. ಮೊದಲು ಹಸಿ ಸೌತೆಕಾಯಿ, ಮೂಲಂಗಿ, ಉಳ್ಳಾಗಡ್ಡಿ, ಮೆಂತ್ಯ ಸೊಪ್ಪು ತಿನ್ನಲಿ. ನಮ್ಮ ಕಡೆ ರೊಟ್ಟಿ ಜೊತೆ ಇವನ್ನು ಹಸಿಯಾಗಿ ಇಡುವ ರೂಢಿ ಇದ್ದೇ ಇದೆ, ಬಹಳ ಒಳ್ಳೆಯ ರೂಢಿ. ಆಮೇಲೆ ಕಾಳಿನ ಪಲ್ಯ, ಆಮೇಲೆ ರೊಟ್ಟಿ, ಕೊನೆಗೆ ಅನ್ನ. ಇದೇ ಊಟವನ್ನು ಅನ್ನದಿಂದ ಶುರು ಮಾಡಿದರೆ ಶುಗರ್ ಏರುವುದು ಜಾಸ್ತಿ. ಉಂಡ ಮೇಲೆ ಹತ್ತು ಹದಿನೈದು ನಿಮಿಷ ಓಡಾಡಲಿ.

ಬಳ್ಳಾರಿ ಕೋಟೆ ಹುಡುಗ

ಮೇಡಂ, ನನಗೂ ಒಂದು ಪ್ರಶ್ನೆ. ನಾನು ಜಿಮ್‌ಗೆ ಹೋಗುತ್ತೇನೆ, 70 ಕೆಜಿ ಇದ್ದೇನೆ. ಕೋಚ್ ಪ್ರೋಟೀನ್ ಪುಡಿ ತೆಗೆದುಕೋ ಅಂತಾರೆ. ಡಬ್ಬಿ ಬೆಲೆ ಕೇಳಿ ಅಪ್ಪ ಬೈದರು.

ರಾಯಚೂರು ಡಯೆಟಿಷಿಯನ್

ಸಾಮಾನ್ಯ ಆರೋಗ್ಯಕ್ಕೆ ಒಂದು ಕೆಜಿ ತೂಕಕ್ಕೆ ದಿನಕ್ಕೆ 0.83 ಗ್ರಾಂ ಪ್ರೋಟೀನ್ ಸಾಕು. ನಿನಗೆ ಸುಮಾರು 58 ಗ್ರಾಂ. ಭಾರ ಎತ್ತುವವರಿಗೆ ಇನ್ನೂ ಸ್ವಲ್ಪ ಬೇಕು, ಅದನ್ನು ಒಪ್ಪುತ್ತೇನೆ. ಆದರೆ ಅದು ಡಬ್ಬಿಯಿಂದಲೇ ಬರಬೇಕು ಅಂತಿಲ್ಲ. 2024ರ ಮಾರ್ಗಸೂಚಿಯೂ ಮೈ ಬೆಳೆಸಲು ಪ್ರೋಟೀನ್ ಪುಡಿ ಬೇಡ ಅಂತಲೇ ಹೇಳುತ್ತದೆ. 100 ಗ್ರಾಂ ಬೇಳೆಯಲ್ಲಿ 21 ಗ್ರಾಂ ಇದೆ. ಶೇಂಗಾದಲ್ಲಿ 23. ಒಂದು ಮೊಟ್ಟೆಯಲ್ಲಿ 6. ನಾಲ್ಕು ರೊಟ್ಟಿಯಿಂದಲೇ 24 ಗ್ರಾಂ ಬರುತ್ತದೆ.

ಜೋಳದ ಪ್ರೋಟೀನಿನಲ್ಲಿ ಲೈಸಿನ್ ಅನ್ನುವ ಅಂಶ ಕಮ್ಮಿ. ಬೇಳೆಯಲ್ಲಿ ಅದು ಧಾರಾಳ, ಬೇಳೆಗೆ ಕಮ್ಮಿ ಇರುವ ಮೆಥಿಯೋನಿನ್ ಜೋಳದಲ್ಲಿದೆ. ಅದಕ್ಕೇ ರೊಟ್ಟಿ ಮತ್ತು ಕಡಲೆಹಿಟ್ಟಿನ ಝುಣಕ ಒಟ್ಟಿಗೆ ತಿಂದಾಗ ಎರಡರ ಬೆಲೆಯೂ ಏರುತ್ತದೆ. ಜಿಮ್ ಮುಗಿಸಿ ಮನೆಗೆ ಬಂದು ಎರಡು ರೊಟ್ಟಿ, ಒಂದು ಬಟ್ಟಲು ಮೊಳಕೆ ಹೆಸರುಕಾಳು, ಗಟ್ಟಿ ಮೊಸರು ತಿನ್ನು. ಮೊಟ್ಟೆ ತಿನ್ನುವವನಾದರೆ ಎರಡು ಮೊಟ್ಟೆ. ಅಪ್ಪನ ದುಡ್ಡೂ ಉಳಿಯುತ್ತದೆ.

ಕುಷ್ಟಗಿ ಅಂಗನವಾಡಿ ಅಕ್ಕ

ಎಲ್ಲರೂ ಶುಗರ್ ಬಗ್ಗೆ ಮಾತಾಡುತ್ತಿದ್ದೀರಿ, ನನಗೆ ಆ ಹುಡುಗಿಯ 9.2 ಚಿಂತೆ ಹಚ್ಚಿದೆ. ಹೆಣ್ಣುಮಕ್ಕಳಿಗೆ 12 ಇರಬೇಕು. 8ರಿಂದ 10.9 ಅಂದರೆ ಮಧ್ಯಮ ಮಟ್ಟದ ರಕ್ತಹೀನತೆ. ಇದು ಊಟದಿಂದ ಮಾತ್ರ ಸರಿಹೋಗುವ ಹಂತ ಅಲ್ಲ, ಡಾಕ್ಟರು ಕಬ್ಬಿಣದ ಮಾತ್ರೆ ಕೊಡಬೇಕು. ಶಾಲೆಯಲ್ಲಿ ವಾರಕ್ಕೊಂದು ಕೊಡುವ ನೀಲಿ ಮಾತ್ರೆ ರಕ್ತ ಕಮ್ಮಿ ಆಗದಿರಲಿ ಅಂತ. ಕಮ್ಮಿ ಆದ ಮೇಲೆ ದಿನಾ ತೆಗೆದುಕೊಳ್ಳಬೇಕಾಗುತ್ತದೆ. ಜಂತುಹುಳದ ಮಾತ್ರೆ ಆಗಿದೆಯಾ ಅಂತಲೂ ಕೇಳಿ. ಮುಟ್ಟಿನಲ್ಲಿ ಜಾಸ್ತಿ ಹೋಗುತ್ತದೆಯಾ ಅಂತ ಅವಳನ್ನೇ ಕೂರಿಸಿಕೊಂಡು ಕೇಳಿ, ತಾನಾಗೇ ಹೇಳುವುದಿಲ್ಲ.

ಮಾತ್ರೆ ನುಂಗಿದರೆ ಮಲ ಕಪ್ಪಾಗುತ್ತದೆ, ಹೆದರಬೇಡಿ. ಹಾಲು, ಚಹಾ ಜೊತೆ ನುಂಗಬಾರದು. ನಿಂಬೆ ಶರಬತ್ತಿನ ಜೊತೆ ನುಂಗಿದರೆ ಚೆನ್ನಾಗಿ ಹತ್ತುತ್ತದೆ. ಹೊಟ್ಟೆ ತೊಳಸಿದರೆ ರಾತ್ರಿ ಊಟದ ಮೇಲೆ ತೆಗೆದುಕೊಳ್ಳಲಿ, ಆದರೆ ಬಿಡಬಾರದು.

ಇನ್ನು ಚಹಾ. ನಮ್ಮ ಕಡೆ ಉಂಡ ಕೈ ಒಣಗುವ ಮುಂಚೆ ಚಹಾ ಬೇಕು. ಊಟದಲ್ಲಿ ಬಂದ ಕಬ್ಬಿಣವನ್ನು ಚಹಾದ ಒಗರು ಹಿಡಿದುಕೊಂಡುಬಿಡುತ್ತದೆ, ಮೈಗೆ ಸೇರಲು ಬಿಡುವುದಿಲ್ಲ. ಊಟಕ್ಕೆ ಒಂದು ಗಂಟೆ ಮುಂಚೆ ಅಥವಾ ಒಂದು ಗಂಟೆ ಆದ ಮೇಲೆ ಕುಡಿಯಲಿ. ಇದಕ್ಕೆ ಒಂದು ರೂಪಾಯಿ ಖರ್ಚಿಲ್ಲ.

ಮತ್ತೊಂದು ಮಾತು, ಬೇಸರ ಮಾಡಿಕೊಳ್ಳಬೇಡಿ. ನಾನು ಮನೆ ಮನೆಗೆ ಹೋಗುವವಳು. ಬೇಳೆಯ ಗಟ್ಟಿ ಮೊದಲು ಗಂಡಸರ ತಟ್ಟೆಗೆ, ಆಮೇಲೆ ಗಂಡುಮಕ್ಕಳಿಗೆ. ಕೊನೆಗೆ ಉಣ್ಣುವ ಸೊಸೆಗೆ, ಮಗಳಿಗೆ ತಿಳಿಸಾರು, ಮೂರು ರೊಟ್ಟಿ. ದಿನಕ್ಕೆ ಗಂಡಸಿಗೆ ಬೇಕಾದ ಕಬ್ಬಿಣ 19 ಮಿಲಿಗ್ರಾಂ, ಹೆಂಗಸಿಗೆ 29. ಜಾಸ್ತಿ ಬೇಕಾದವಳಿಗೆ ಕಮ್ಮಿ ಸಿಗುತ್ತಿದೆ. ದೇಶದಲ್ಲಿ 15ರಿಂದ 49 ವಯಸ್ಸಿನ ಹೆಂಗಸರಲ್ಲಿ 57 ಶೇಕಡಾ ಜನಕ್ಕೆ ರಕ್ತ ಕಮ್ಮಿ ಅಂತ 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಹೇಳಿತು. ಅದು ಬಡತನದಿಂದ ಮಾತ್ರ ಬಂದದ್ದಲ್ಲ. ಉಳ್ಳವರ ಮನೆಯಲ್ಲೂ ಇದನ್ನು ನೋಡುತ್ತೇನೆ. ಎಲ್ಲರೂ ಒಟ್ಟಿಗೆ ಕೂತು ಉಣ್ಣಿ. ಪಾತ್ರೆ ಮಧ್ಯದಲ್ಲಿ ಇರಲಿ.

ಸಿರುಗುಪ್ಪ ಮನೆ

ಅಕ್ಕಾ, ಬೇಸರ ಏನಿಲ್ಲ. ನೀವು ಹೇಳಿದ ಹಾಗೇ ನಮ್ಮ ಮನೆಯಲ್ಲೂ ನಡೆಯುತ್ತದೆ. ಅವಳು ಕಾಲೇಜಿಗೆ ಹೋಗುವ ಮುಂಚೆ ಚಹಾ ಬಿಸ್ಕತ್ತು ಅಷ್ಟೇ. ಮಧ್ಯಾಹ್ನ ಬಸ್ ಸ್ಟ್ಯಾಂಡ್ ಹತ್ತಿರ ಒಗ್ಗರಣಿ ಮಿರ್ಚಿ ತಿಂದು ಬರುತ್ತಾಳೆ. ಬಿಡಿಸಿಬಿಡಲಾ?

ಕೊಪ್ಪಳ ರೊಟ್ಟಿ ಅಕ್ಕ

ಒಗ್ಗರಣಿ ಮಿರ್ಚಿ ಬಿಡಿಸಿದರೆ ಬಳ್ಳಾರಿ, ರಾಯಚೂರು, ಕೊಪ್ಪಳ ಮೂರೂ ಜಿಲ್ಲೆಯಲ್ಲಿ ನಿಮ್ಮ ಮಾತು ಯಾರೂ ಕೇಳುವುದಿಲ್ಲ. ಮನೆಯಲ್ಲೇ ಮಾಡಿ ಡಬ್ಬಿಗೆ ಹಾಕಿ. ಮಂಡಕ್ಕಿ ಕಮ್ಮಿ, ಪುಟಾಣಿ ಪುಡಿ, ಹುರಿದ ಶೇಂಗಾ, ಉಳ್ಳಾಗಡ್ಡಿ, ಟೊಮೆಟೊ, ಕೊತ್ತಂಬರಿ ಜಾಸ್ತಿ, ಮೇಲೆ ನಿಂಬೆಹಣ್ಣು. ಮಿರ್ಚಿ ವಾರಕ್ಕೊಂದು ಸಲ ಸಾಕು.

ರಾಯಚೂರು ಡಯೆಟಿಷಿಯನ್

ರೊಟ್ಟಿ ಅಕ್ಕ ಹೇಳಿದ್ದು ಸರಿಯಾಗಿದೆ. ನಿಂಬೆಯ ಸಿ ವಿಟಮಿನ್ ಕಾಳಿನ ಕಬ್ಬಿಣವನ್ನು ಮೈಗೆ ಸೇರಿಸುತ್ತದೆ, ಪೇರಲಹಣ್ಣೂ ಹಾಗೇ. ಬೀದಿಯ ಮಿರ್ಚಿಯಲ್ಲಿ ನನಗೆ ಭಯ ಇರುವುದು ಬಾಣಲೆಯ ಎಣ್ಣೆಯದು. ಅದೇ ಎಣ್ಣೆ ಮತ್ತೆ ಮತ್ತೆ ಕಾಯುತ್ತದೆ. ಮನೆಯಲ್ಲೂ ಕರಿದ ಎಣ್ಣೆಯನ್ನು ಮತ್ತೆ ಕರಿಯಲು ಇಡಬೇಡಿ.

ಮಗಳಿಗೆ ವಾರದಲ್ಲಿ ಎರಡು ಮೂರು ದಿನ ಸಜ್ಜೆ ರೊಟ್ಟಿ ಮಾಡಿ. 100 ಗ್ರಾಂ ಸಜ್ಜೆಯಲ್ಲಿ 6 ಮಿಲಿಗ್ರಾಂ ದಾಟಿ ಕಬ್ಬಿಣ ಇದೆ. ಸಂಕ್ರಾಂತಿಗೆ ಮಾತ್ರ ಯಾಕೆ? ಎಳ್ಳು ಹಚ್ಚಿಯೇ ಬಡಿಯಿರಿ. ಕಾಳು ನೆನೆಸಿ ಮೊಳಕೆ ಬರಿಸಿದರೆ ಕಬ್ಬಿಣವನ್ನು ತಡೆಯುವ ಫೈಟೇಟ್ ಕಮ್ಮಿ ಆಗುತ್ತದೆ. ನೀವು ಸಸ್ಯಾಹಾರಿಗಳು, ಆದ್ದರಿಂದ ಬಿ12 ಹಾಲು ಮೊಸರಿನಿಂದ ಮಾತ್ರ ಬರಬೇಕು. ಮಗಳ ರಕ್ತ ಪರೀಕ್ಷೆ ಮಾಡಿಸುವಾಗ ಬಿ12 ಕೂಡ ನೋಡಿಸಿ. ಅದು ಕಮ್ಮಿ ಇದ್ದರೆ ಬರೀ ಕಬ್ಬಿಣದ ಮಾತ್ರೆಯಿಂದ ಹಿಮೋಗ್ಲೋಬಿನ್ ಸರಿಯಾಗಿ ಏರದೆ ಇರಬಹುದು.

ಉಪ್ಪಿನ ವಿಷಯ ಬಿಟ್ಟುಹೋಯಿತು. ಒಬ್ಬರಿಗೆ ದಿನಕ್ಕೆ 5 ಗ್ರಾಂ ಒಳಗೆ, ನಾಲ್ಕು ಜನಕ್ಕೆ ತಿಂಗಳಿಗೆ 600 ಗ್ರಾಂ. ಉಪ್ಪಿನಕಾಯಿ, ಹಪ್ಪಳ, ಸಂಡಿಗೆಯ ಉಪ್ಪೂ ಸೇರಿ. ಸಕ್ಕರೆ ದಿನಕ್ಕೆ 25 ಗ್ರಾಂ ಮಿತಿ, ಬಿಸ್ಕತ್ತು ಸಿಹಿ ಸೇರಿ. ಬೆಲ್ಲ ಹಾಕಿದರೂ ಅದೇ ಲೆಕ್ಕ, ಶುಗರ್‌ಗೆ ಬೆಲ್ಲ ಬೇರೆ ಅಲ್ಲ.

ಸಿಂಧನೂರು ಬಾಣಂತಿ ಮನೆ

ಅಂಗನವಾಡಿ ಅಕ್ಕ, ನಮ್ಮ ಪಾಪುಗೆ ಆರು ತಿಂಗಳು ತುಂಬಿತು. ಅಜ್ಜಿ ಚಹಾದಲ್ಲಿ ಬಿಸ್ಕತ್ತು ಅದ್ದಿ ತಿನ್ನಿಸುತ್ತಾರೆ. ಏನು ಹೇಳಲಿ?

ಕುಷ್ಟಗಿ ಅಂಗನವಾಡಿ ಅಕ್ಕ

ಅದನ್ನು ಇವತ್ತೇ ನಿಲ್ಲಿಸಮ್ಮ. ಅಜ್ಜಿಗೆ ಬೈಯಬೇಡ, ಬೇರೆ ಕೆಲಸ ಕೊಡು. ಅಕ್ಕಿ ಮತ್ತು ಹೆಸರುಬೇಳೆ ಹುರಿದು ಬೀಸಿ ಇಡು. ಅಜ್ಜಿ ಅದನ್ನು ಗಂಜಿ ಕಾಸಿ, ಒಂದು ಚಮಚ ತುಪ್ಪ ಹಾಕಿ ತಿನ್ನಿಸಲಿ. ನೀರು ನೀರಾಗಿ ಬೇಡ, ಚಮಚದಿಂದ ಜಾರದಷ್ಟು ಗಟ್ಟಿ ಇರಲಿ. ಬೇಯಿಸಿದ ಗಜ್ಜರಿ, ಸೊಪ್ಪು, ಬಾಳೆಹಣ್ಣು ಕಿವುಚಿ ಕೊಡು. ಎದೆಹಾಲು ಎರಡು ವರ್ಷದವರೆಗೂ ಇರಲಿ. ಪ್ರತಿ ತಿಂಗಳು ತೂಕಕ್ಕೆ ಕರೆದುಕೊಂಡು ಬಾ, ತೋಳಿನ ಸುತ್ತಳತೆ ಟೇಪ್ ಹಿಡಿದು ನೋಡುತ್ತೇವೆ. 11.5 ಸೆಂಟಿಮೀಟರಿಗಿಂತ ಕಮ್ಮಿ ಇದ್ದರೆ ತಡ ಮಾಡದೆ ಆಸ್ಪತ್ರೆಗೆ.

ಸಿರುಗುಪ್ಪ ಮನೆ

ಕೊನೆಯದಾಗಿ ಒಂದು ಕೇಳುತ್ತೇನೆ. ಮನೆಯವರು ಶ್ರಾವಣ ಸೋಮವಾರ ಉಪವಾಸ ಮಾಡುತ್ತಾರೆ. ಸಾಬೂದಾನಿ ಕಿಚಡಿ ಒಂದು ಹೊತ್ತು. ಈಗ ಮಾತ್ರೆ ಶುರುವಾಗಿದೆ, ಮಾಡಬಹುದಾ?

ರಾಯಚೂರು ಡಯೆಟಿಷಿಯನ್

ಸಾಬೂದಾನಿ ಹೆಚ್ಚೂ ಕಮ್ಮಿ ಬರೀ ಪಿಷ್ಟ. ನಾರೂ ಇಲ್ಲ, ಪ್ರೋಟೀನೂ ಇಲ್ಲ, ಶುಗರ್ ಸರ್ರನೆ ಏರುತ್ತದೆ. ಉಪವಾಸಕ್ಕೆ ಶೇಂಗಾ, ಮೊಸರು, ಹಣ್ಣು, ರಾಜಗಿರಿ ಹಿಟ್ಟಿನ ರೊಟ್ಟಿ ಆಗುತ್ತದೆಯಾ ನೋಡಿ. ಆದರೆ ಅದಕ್ಕಿಂತ ದೊಡ್ಡ ವಿಷಯ ಮಾತ್ರೆ. ಕೆಲವು ಶುಗರ್ ಮಾತ್ರೆ ನುಂಗಿ ಊಟ ಬಿಟ್ಟರೆ ಶುಗರ್ ಅಪಾಯದ ಮಟ್ಟಕ್ಕೆ ಇಳಿಯುತ್ತದೆ. ಆ ಮಾತ್ರೆ ಅಂಥದ್ದಾ ಅಂತ ಡಾಕ್ಟರನ್ನು ಕೇಳದೆ ಉಪವಾಸ ಬೇಡ. ಮಾತ್ರೆಯ ಹೆಸರು ನೋಡಿದರೆ ಔಷಧಿ ಅಂಗಡಿಯವರೂ ಹೇಳುತ್ತಾರೆ.

ಅಂಗಡಿಯಲ್ಲಿ ಕೂತಿರುವಾಗ ಕೈ ನಡುಗಿ, ಬೆವರಿ, ಕಣ್ಣು ಮಂಜಾದರೆ ಮೂರು ಚಮಚ ಸಕ್ಕರೆಯನ್ನು ನೀರಿಗೆ ಹಾಕಿ ತಕ್ಷಣ ಕುಡಿಯಬೇಕು. ಹದಿನೈದು ನಿಮಿಷ ಬಿಟ್ಟು ಶುಗರ್ ನೋಡಿಕೊಳ್ಳಬೇಕು, ಏರದಿದ್ದರೆ ಇನ್ನೊಮ್ಮೆ ಕುಡಿಯಬೇಕು. ಆಮೇಲೆ ಊಟ ಮಾಡಬೇಕು. ಅಂಗಡಿಯ ಹುಡುಗನಿಗೂ ಇದನ್ನು ಹೇಳಿಕೊಟ್ಟಿರಿ. ಎಚ್ಚರ ತಪ್ಪಿದವರ ಬಾಯಿಗೆ ಏನೂ ಹಾಕಬಾರದು, ನೇರ ಆಸ್ಪತ್ರೆಗೆ ಕರೆದುಕೊಂಡು ಹೋಗಬೇಕು.